ಅಜ್ಜಿಯ ನಂಬಿಕೆ, ಅಜ್ಜಿ ಹಾಕದ ವೋಟು

1952ರ ಮಾತು. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಜಾನ್ ರೈಸ್ ಎಂಬ ಕಪ್ಪು ಪಾದ್ರಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. ಅಲ್ಲಿ ಕೂತಿದ್ದ ಗುಮಾಸ್ತ ಡೆಮಾಕ್ರಟಿಕ್ ಪಕ್ಷದವನು. ಅವನು ಕಾಳು ತುಂಬಿದ ಒಂದು ದೊಡ್ಡ ಜಾಡಿಯನ್ನು ತೋರಿಸಿ, ಇದರಲ್ಲಿ ಎಷ್ಟು ಕಾಳಿವೆ ಹೇಳು ಅಂದ. ಎಣಿಸದೆ ಹೇಳಲು ಯಾರಿಂದ ಆಗುತ್ತೆ? ಹೆಸರು ಸೇರಲಿಲ್ಲ. ಕಪ್ಪು ಜನ ವೋಟು ಹಾಕದಂತೆ ನೋಡಿಕೊಳ್ಳಲು ದಕ್ಷಿಣದ ರಾಜ್ಯಗಳು ಹೂಡಿದ್ದ ಉಪಾಯಗಳಲ್ಲಿ ಈ ಜಾಡಿಯೂ ಒಂದು. ಆಮೇಲೆ ಚರ್ಚಿನ ಹಿರಿಯರೊಬ್ಬರು ಅವರಿಗೆ ಒಂದು ಗುಟ್ಟು ಹೇಳಿದರು. ಆ ಕಚೇರಿಯಲ್ಲೇ ರಿಪಬ್ಲಿಕನ್ ಪಕ್ಷದ ಒಬ್ಬ ಗುಮಾಸ್ತೆ ಇದ್ದಾಳೆ, ನಾನು ರಿಪಬ್ಲಿಕನ್ ಅಂದರೆ ಸಾಕು, ಹೆಸರು ಬರೆದುಕೊಳ್ಳುತ್ತಾಳೆ. ಜಾನ್ ರೈಸ್ ಹಾಗೇ ಮಾಡಿದರು. ಕೊನೆಯವರೆಗೂ ರಿಪಬ್ಲಿಕನ್ ಆಗಿಯೇ ಉಳಿದರು.

ಅವರ ಮಗಳು ಕಾಂಡೊಲೀಜಾ ರೈಸ್. 2005ರಲ್ಲಿ ಅಮೆರಿಕದ ವಿದೇಶಾಂಗ ಸಚಿವೆಯಾದವರು. ಅಪ್ಪನ ವೋಟಿನ ಕಥೆಯನ್ನು ಅವರು 2000ದ ರಿಪಬ್ಲಿಕನ್ ಸಮಾವೇಶದಲ್ಲಿ ಇಡೀ ದೇಶದ ಮುಂದೆ ಹೇಳಿದರು. ಹಾಗಂತ ಮಗಳಿಗೆ ಪಕ್ಷ ಅಪ್ಪನಿಂದ ಆಸ್ತಿಯ ಹಾಗೆ ಬಂದದ್ದೇನಲ್ಲ. ಅವರು ಮೊದಲು ಡೆಮಾಕ್ರಟ್ ಆಗಿದ್ದರು, 1982ರಲ್ಲಿ ಸ್ವಂತ ಯೋಚನೆಯಿಂದ ಪಕ್ಷ ಬದಲಿಸಿದರು.

ಈ ಕಥೆಯಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ಅಮೆರಿಕದಲ್ಲಿ ಹಳೆಯ ಕಟ್ಟುಪಾಡು ಉಳಿಯಬೇಕು ಅನ್ನುವವರಿಗೆ ಕನ್ಸರ್ವೇಟಿವ್ ಅನ್ನುತ್ತಾರೆ, ಇವತ್ತು ಅವರ ಪಕ್ಷ ರಿಪಬ್ಲಿಕನ್. ಕಪ್ಪು ಹುಡುಗಿಯೊಬ್ಬಳು ನಾನು ಕನ್ಸರ್ವೇಟಿವ್ ಅಂದ ತಕ್ಷಣ ಕೇಳುವವರು ಹುಬ್ಬೇರಿಸುತ್ತಾರೆ. ಯಾರೋ ತಲೆ ಕೆಡಿಸಿದ್ದಾರೆ, ದುಡ್ಡಿಗಾಗಿ ಹೇಳುತ್ತಿದ್ದಾಳೆ, ತನ್ನ ಜನರ ಇತಿಹಾಸ ಗೊತ್ತಿಲ್ಲ, ಹೀಗೆ ಒಂದೊಂದು ಮಾತು. ಇತಿಹಾಸವನ್ನು ಹತ್ತಿರದಿಂದ ನೋಡಿದರೆ ವಿಷಯ ಅಷ್ಟು ಸಲೀಸಾಗಿಲ್ಲ.

ಎರಡು ಲೆಕ್ಕ ಅಕ್ಕಪಕ್ಕ ಇಟ್ಟು ನೋಡಿ. ಅಧ್ಯಕ್ಷರ ಚುನಾವಣೆಯಲ್ಲಿ ಕಪ್ಪು ಹೆಂಗಸರಲ್ಲಿ ಹತ್ತಕ್ಕೆ ಒಂಬತ್ತು ಜನ ಡೆಮಾಕ್ರಟಿಕ್ ಪಕ್ಷಕ್ಕೆ ವೋಟು ಹಾಕುತ್ತಾರೆ. 2016, 2020, 2024, ಮೂರೂ ಸಲ ಹೆಚ್ಚು ಕಡಿಮೆ ಇದೇ. ಅಮೆರಿಕದಲ್ಲಿ ಇಷ್ಟು ಒಗ್ಗಟ್ಟಾಗಿ ವೋಟು ಹಾಕುವ ಇನ್ನೊಂದು ದೊಡ್ಡ ಗುಂಪು ಸಿಗುವುದು ಕಷ್ಟ. ಆದರೆ ಸಮೀಕ್ಷೆ ಮಾಡುವವರು ನಿಮ್ಮ ವಿಚಾರ ಯಾವ ಕಡೆ ಅಂತ ಕೇಳಿದಾಗ, ಕಪ್ಪು ಅಮೆರಿಕನ್ನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ನಾವು ಕನ್ಸರ್ವೇಟಿವ್ ಅನ್ನುತ್ತಾರೆ. ಅಂದರೆ ವಿಚಾರದಲ್ಲಿ ಕನ್ಸರ್ವೇಟಿವ್ ಆಗಿದ್ದೂ ರಿಪಬ್ಲಿಕನ್ ಪಕ್ಷಕ್ಕೆ ವೋಟು ಹಾಕದವರು ತುಂಬ ಜನ. ಈ ಹುಡುಗಿಯ ಮಟ್ಟಿಗೆ ಅವರೆಲ್ಲ ಬೇರೆ ಯಾರೂ ಅಲ್ಲ. ಅವಳ ಅಜ್ಜಿ, ದೊಡ್ಡಮ್ಮ, ಚರ್ಚಿನ ಆಂಟಿಯರು.

ಕನ್ಸರ್ವೇಟಿವ್ ಅಂದರೆ ಆ ಮನೆಗಳಲ್ಲಿ ಏನರ್ಥ? ಭಾನುವಾರ ಚರ್ಚು ತಪ್ಪಿಸುವ ಹಾಗಿಲ್ಲ. ಮಕ್ಕಳು ದೊಡ್ಡವರಿಗೆ ಎದುರಾಡುವ ಹಾಗಿಲ್ಲ. ಮದುವೆ ದೊಡ್ಡ ವಿಷಯ. ಯಾರ ಮುಂದೂ ಕೈ ಚಾಚಬೇಡ, ನಿನ್ನ ಕಾಲ ಮೇಲೆ ನೀನು ನಿಲ್ಲು. ಇದನ್ನು ಯಾವ ಪಕ್ಷದ ಕರಪತ್ರವೂ ಕಲಿಸಿದ್ದಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದ ಜನ, ಸರ್ಕಾರದಿಂದ ಏನೂ ಸಿಗದ ಕಾಲದಲ್ಲಿ, ಬದುಕಿ ಉಳಿಯಲು ಕಟ್ಟಿಕೊಂಡ ಶಿಸ್ತು ಇದು.

ಈ ಶಿಸ್ತಿಗೆ ಒಂದು ಮುಖ ಬೇಕು ಅಂದರೆ ಬುಕರ್ ಟಿ. ವಾಷಿಂಗ್ಟನ್ ಅವರನ್ನು ನೋಡಬೇಕು. ಗುಲಾಮರಾಗಿ ಹುಟ್ಟಿದವರು. 1881ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಶಾಲೆ ಶುರು ಮಾಡಿದರು. ಕಟ್ಟಡಕ್ಕೆ ಇಟ್ಟಿಗೆ ಬೇಕಿತ್ತು. ನಾವೇ ಸುಡೋಣ ಅಂತ ಮಕ್ಕಳನ್ನು ಮಣ್ಣಿನ ಗುಂಡಿಗೆ ಇಳಿಸಿದರು. ಮೊಣಕಾಲುದ್ದ ಕೆಸರು. ಮೊದಲ ಗೂಡು ಕೆಟ್ಟಿತು. ಎರಡನೆಯದೂ ಕೆಟ್ಟಿತು, ಮೂರನೆಯದೂ ಕೆಟ್ಟಿತು. ಕೈಯಲ್ಲಿ ಕಾಸಿಲ್ಲ. ವಾಷಿಂಗ್ಟನ್ ತಮ್ಮ ಗಡಿಯಾರವನ್ನು 15 ಡಾಲರಿಗೆ ಅಡ ಇಟ್ಟು ನಾಲ್ಕನೇ ಗೂಡಿಗೆ ಬೆಂಕಿ ಹಾಕಿಸಿದರು. ಅದು ಗೆದ್ದಿತು. ಗಡಿಯಾರವನ್ನು ಬಿಡಿಸಿಕೊಳ್ಳಲು ಮಾತ್ರ ಆಗಲೇ ಇಲ್ಲ. ಮುಂದೆ ಸುತ್ತಲಿನ ಬಿಳಿಯರೂ ಇಟ್ಟಿಗೆ ಕೊಳ್ಳಲು ಆ ಶಾಲೆಗೇ ಬರತೊಡಗಿದರು.

ವಾಷಿಂಗ್ಟನ್ ವಾದ ಈ ಇಟ್ಟಿಗೆಯಷ್ಟೇ ಗಟ್ಟಿ. ಮೊದಲು ಕೈಕಸುಬು, ಜಮೀನು, ಉಳಿತಾಯ. ಗೌರವ ತಾನಾಗಿ ಬರುತ್ತೆ. 1895ರಲ್ಲಿ ಅಟ್ಲಾಂಟಾದಲ್ಲಿ ಇದನ್ನೇ ಹೇಳಿದರು. ಕಪ್ಪು ವಿದ್ವಾಂಸ ಡಬ್ಲ್ಯೂ. ಇ. ಬಿ. ಡುಬಾಯ್ಸ್ 1903ರಲ್ಲಿ ಇದಕ್ಕೆ ನೇರವಾಗಿ ಎದುರು ನಿಂತರು. ವೋಟಿನ ಹಕ್ಕಿಲ್ಲದವನು ಸಂಪಾದಿಸಿದ ಜಮೀನನ್ನು ಯಾರು ಕಾಯುತ್ತಾರೆ ಅನ್ನುವುದು ಅವರ ಪ್ರಶ್ನೆಯ ತಿರುಳು. ನನ್ನ ಮಟ್ಟಿಗೆ ಡುಬಾಯ್ಸ್ ಪ್ರಶ್ನೆಗೆ ವಾಷಿಂಗ್ಟನ್ ಬಳಿ ಪೂರ್ತಿ ಉತ್ತರ ಇರಲಿಲ್ಲ. ಆದರೂ ಈ ಜಗಳ ಕಪ್ಪು ಜನರ ಮನೆಯೊಳಗಿನ ಜಗಳ. ಹೊರಗಿನಿಂದ ಯಾರೂ ತಂದು ಹಾಕಿದ್ದಲ್ಲ. ಇವತ್ತಿನ ಹುಡುಗಿ ಮಾತಾಡುವಾಗ ನೂರಿಪ್ಪತ್ತು ವರ್ಷ ಹಳೆಯ ಮಾತುಕತೆಯೊಂದನ್ನು ಮುಂದುವರಿಸುತ್ತಿರುತ್ತಾಳೆ.

ಬಂದೂಕಿನ ವಿಷಯ ತಗೊಳ್ಳಿ. ಬಂದೂಕಿನ ಹಕ್ಕು ಅಂದರೆ ಬಿಳಿಯರ ಹಟ ಅಂತ ನಾವು ದೂರದಿಂದ ಅಂದುಕೊಳ್ಳುತ್ತೇವೆ. ಕಾಂಡೊಲೀಜಾ ರೈಸ್ ಬೆಳೆದ ಬೀದಿಯಲ್ಲಿ ಅದರ ಅರ್ಥವೇ ಬೇರೆ. 1963ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಮನೆಗಳಿಗೆ ಬಾಂಬು ಬೀಳುತ್ತಿತ್ತು. ಆ ವರ್ಷ ಸೆಪ್ಟೆಂಬರ್ 15ರ ಭಾನುವಾರ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ಕು ಹುಡುಗಿಯರು ಸತ್ತರು. ಅವರಲ್ಲಿ ಡೆನಿಸ್ ಮೆಕ್‌ನೇರ್ ಪುಟ್ಟ ಕಾಂಡೊಲೀಜಾಳ ಆಟದ ಗೆಳತಿ. ಪೊಲೀಸರನ್ನು ನಂಬುವ ಹಾಗಿರಲಿಲ್ಲ. ರಾತ್ರಿ ಅಪ್ಪ ಮತ್ತು ನೆರೆಹೊರೆಯ ಗಂಡಸರು ಬಂದೂಕು ಹಿಡಿದು ಬೀದಿಯ ತುದಿಯಲ್ಲಿ ಕಾವಲು ಕೂರುತ್ತಿದ್ದರು. ಅವತ್ತು ಬಂದೂಕುಗಳು ಸರ್ಕಾರದ ಪಟ್ಟಿಯಲ್ಲಿ ಇದ್ದಿದ್ದರೆ ಊರಿನ ಪೊಲೀಸ್ ಅಧಿಕಾರಿಗಳು ಬಂದು ಎತ್ತಿಕೊಂಡು ಹೋಗುತ್ತಿದ್ದರು ಅನ್ನುವುದು ರೈಸ್ ಅವರ ವಾದ. ಒಪ್ಪುವುದು ಬಿಡುವುದು ನಮಗೆ ಬಿಟ್ಟದ್ದು. ಆದರೆ ಆ ವಾದ ಹುಟ್ಟಿದ್ದು ಒಂದು ಕಪ್ಪು ಬೀದಿಯಲ್ಲಿ, ಒಬ್ಬ ಮಗುವಿನ ಭಯದಲ್ಲಿ.

ಶಾಲೆಯ ವಿಷಯವೂ ಹಾಗೇ. ಬಡ ಮಕ್ಕಳಿಗೆ ಸರ್ಕಾರದ ದುಡ್ಡಿನಲ್ಲೇ ಖಾಸಗಿ ಶಾಲೆ ಸೇರುವ ಅವಕಾಶ ಕೊಡಬೇಕು ಅನ್ನುವುದು ಇವತ್ತು ರಿಪಬ್ಲಿಕನ್ನರ ದೊಡ್ಡ ಘೋಷಣೆ. 1990ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಅದನ್ನು ಜಾರಿಗೆ ತರಲು ಹೋರಾಡಿದ್ದು ಪಾಲಿ ವಿಲಿಯಮ್ಸ್ ಎಂಬ ಕಪ್ಪು ಶಾಸಕಿ. ಅವರು ಡೆಮಾಕ್ರಟ್. ಕಪ್ಪು ನಾಯಕ ಜೆಸ್ಸಿ ಜಾಕ್ಸನ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಆ ರಾಜ್ಯದಲ್ಲಿ ಪ್ರಚಾರದ ಹೊಣೆ ಹೊತ್ತವರು. ನಮ್ಮ ಮಕ್ಕಳು ಓದುತ್ತಿಲ್ಲ, ನಮಗೆ ಬೇರೆ ದಾರಿ ಬೇಕು ಅಂತ ರಿಪಬ್ಲಿಕನ್ ಗವರ್ನರ್ ಜೊತೆ ಕೈಜೋಡಿಸಿದರು. ಮುಂದೆ ಉಳ್ಳವರಿಗೂ ಆ ಸೌಲಭ್ಯ ಹಂಚಲು ಹೊರಟಾಗ ಅದೇ ಪಾಲಿ ವಿಲಿಯಮ್ಸ್ ವಿರೋಧಿಸಿದರು. ಪಕ್ಷದ ಗೆರೆಯೊಳಗೆ ಹಿಡಿಯದ ಇಂಥ ಹೆಂಗಸರನ್ನು ಬಿಟ್ಟು ಈ ವಿಷಯ ಅರ್ಥವಾಗುವುದಿಲ್ಲ.

ಹಾಗಾದರೆ ವೋಟು ಯಾಕೆ ಒಂದೇ ಕಡೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗುಲಾಮಗಿರಿ ಹರಡುವುದನ್ನು ತಡೆಯಬೇಕು ಅಂತ 1854ರಲ್ಲಿ ಹುಟ್ಟಿದ್ದು ರಿಪಬ್ಲಿಕನ್ ಪಕ್ಷ. ಆ ಪಕ್ಷದಿಂದ ದೇಶದ ಅಧ್ಯಕ್ಷರಾದ ಮೊದಲಿಗರು ಲಿಂಕನ್. 1870ರಲ್ಲಿ ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ಹೋದ ಮೊದಲ ಕಪ್ಪು ಮನುಷ್ಯ ಹೈರಮ್ ರೆವೆಲ್ಸ್ ರಿಪಬ್ಲಿಕನ್. ಆಗ ದಕ್ಷಿಣದಲ್ಲಿ ಕಪ್ಪು ಜನರನ್ನು ತುಳಿಯುತ್ತಿದ್ದುದು ಡೆಮಾಕ್ರಟಿಕ್ ಪಕ್ಷ. ಹಾಗಾಗಿ ಅರವತ್ತು ವರ್ಷಕ್ಕೂ ಮಿಕ್ಕಿ, ವೋಟು ಹಾಕಲು ಆಗುತ್ತಿದ್ದ ಕಪ್ಪು ಜನ ಲಿಂಕನ್ ಪಕ್ಷ ಬಿಟ್ಟು ಅಲ್ಲಾಡಲಿಲ್ಲ. ಮನೆಮನೆಯಲ್ಲೂ ಲಿಂಕನ್ ಪಟ.

1929ರ ಆರ್ಥಿಕ ಕುಸಿತ ಎಲ್ಲ ಬದಲಿಸಿತು. 1932ರಲ್ಲಿ ಪಿಟ್ಸ್‌ಬರ್ಗ್‌ನ ಕಪ್ಪು ಪತ್ರಿಕೆಯ ಸಂಪಾದಕ ರಾಬರ್ಟ್ ವ್ಯಾನ್ ತಮ್ಮ ಜನರಿಗೆ ಒಂದು ಮಾತು ಹೇಳಿದರು. ಮನೆಗೆ ಹೋಗಿ ಲಿಂಕನ್ ಪಟವನ್ನು ಗೋಡೆ ಕಡೆಗೆ ತಿರುಗಿಸಿ, ಆ ಸಾಲ ತೀರಿತು. ಆ ವರ್ಷ ಅವರ ಮಾತು ಪೂರ್ತಿ ನಡೆಯಲಿಲ್ಲ. 1936ರಲ್ಲಿ ನಡೆಯಿತು. ಕೆಲಸ, ಊಟ ಕೊಟ್ಟ ಡೆಮಾಕ್ರಟ್ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಸುಮಾರು ನೂರಕ್ಕೆ ಎಪ್ಪತ್ತು ಕಪ್ಪು ವೋಟು ಬಿತ್ತು.

ಆದರೂ ಬಾಗಿಲು ಇನ್ನೂ ಮುಚ್ಚಿರಲಿಲ್ಲ. 1960ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ನಿಕ್ಸನ್‌ಗೆ ಸುಮಾರು ಮೂರನೇ ಒಂದು ಭಾಗ ಕಪ್ಪು ವೋಟು ಸಿಕ್ಕಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ಅಪ್ಪನೇ ಮೊದಲು ನಿಕ್ಸನ್ ಕಡೆ ಇದ್ದರು. ಅಕ್ಟೋಬರ್‌ನಲ್ಲಿ ಜಾರ್ಜಿಯಾದಲ್ಲಿ ಕಿಂಗ್ ಜೈಲಿಗೆ ಹೋದರು. ಹೆಂಡತಿ ಕೊರೆಟಾ ಬಸುರಿ. ಡೆಮಾಕ್ರಟಿಕ್ ಅಭ್ಯರ್ಥಿ ಕೆನಡಿ ಕೊರೆಟಾಗೆ ಫೋನ್ ಮಾಡಿ ಧೈರ್ಯ ಹೇಳಿದರು. ನಿಕ್ಸನ್ ಸುಮ್ಮನಿದ್ದರು. ನನ್ನ ಬಳಿ ಒಂದು ಸೂಟ್‌ಕೇಸ್ ತುಂಬ ವೋಟಿದೆ, ಅದನ್ನು ಕೆನಡಿ ಮಡಿಲಿಗೆ ಹಾಕುತ್ತೇನೆ ಅಂತ ಹಿರಿಯ ಕಿಂಗ್ ಕಡೆ ಬದಲಿಸಿದರು. ಒಂದು ಫೋನ್ ಕರೆ ಎಷ್ಟು ದೂರ ಹೋಯಿತು ನೋಡಿ.

ಬಾಗಿಲು ಮುಚ್ಚಿದ್ದು 1964ರಲ್ಲಿ. ನಾಗರಿಕ ಹಕ್ಕುಗಳ ಕಾಯಿದೆಗೆ ಸೆನೆಟ್‌ನ 33 ರಿಪಬ್ಲಿಕನ್ನರಲ್ಲಿ 27 ಜನ ಪರವಾಗಿ ಮತ ಹಾಕಿದ್ದರು. ಕಪ್ಪು ಕನ್ಸರ್ವೇಟಿವ್‌ಗಳು ಈ ಲೆಕ್ಕವನ್ನು ಪದೇ ಪದೇ ನೆನಪಿಸುತ್ತಾರೆ, ಅದು ನಿಜವೂ ಹೌದು. ಆದರೆ ಪಕ್ಷ ಅಧ್ಯಕ್ಷ ಸ್ಥಾನಕ್ಕೆ ಆರಿಸಿದ್ದು ವಿರುದ್ಧ ಮತ ಹಾಕಿದ ಆರು ಜನರಲ್ಲಿ ಒಬ್ಬರಾದ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು. ಸ್ಯಾನ್ ಫ್ರಾನ್ಸಿಸ್ಕೋದ ಆ ಸಮಾವೇಶದಲ್ಲಿ ಬೇಸ್‌ಬಾಲ್ ಆಟಗಾರ ಜ್ಯಾಕಿ ರಾಬಿನ್ಸನ್ ಇದ್ದರು. 1947ರಲ್ಲಿ ಬಿಳಿಯರ ಲೀಗಿಗೆ ಕಾಲಿಟ್ಟು ಗೋಡೆ ಒಡೆದವರು, 1960ರಲ್ಲಿ ನಿಕ್ಸನ್‌ಗೆ ಪ್ರಚಾರ ಮಾಡಿದವರು. ಹಿಟ್ಲರನ ಜರ್ಮನಿಯಲ್ಲಿ ಯಹೂದಿಗೆ ಹೇಗೆ ಅನ್ನಿಸಿರಬಹುದು ಅಂತ ಈಗ ಗೊತ್ತಾಯಿತು ಅನ್ನುವ ಅರ್ಥದ ಮಾತನ್ನು ಅವರು ಆಡಿದರು. ಆ ನವೆಂಬರ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಪ್ಪು ವೋಟು ಡೆಮಾಕ್ರಟ್ ಲಿಂಡನ್ ಜಾನ್ಸನ್‌ಗೆ ಹೋಯಿತು. ಹೋದದ್ದು ಮರಳಿ ಬರಲಿಲ್ಲ. ಮುಂದೆ ದಕ್ಷಿಣದ ಬಿಳಿಯರ ಸಿಟ್ಟನ್ನೇ ಪಕ್ಷ ವೋಟಾಗಿ ಮಾಡಿಕೊಂಡಿತು. 1964ರಲ್ಲಿ ಮೂವರು ಹಕ್ಕು ಹೋರಾಟಗಾರರ ಕೊಲೆ ನಡೆದ ಮಿಸಿಸಿಪಿಯ ನೆಶೋಬಾ ಕೌಂಟಿಗೆ 1980ರಲ್ಲಿ ಹೋಗಿ, ಜಾತ್ರೆಯ ವೇದಿಕೆಯಲ್ಲಿ ರಾಜ್ಯಗಳ ಹಕ್ಕಿನ ಬಗ್ಗೆ ರಿಪಬ್ಲಿಕನ್ ಅಭ್ಯರ್ಥಿ ರೇಗನ್ ಮಾತಾಡಿದರು. ಕಪ್ಪು ಜನರನ್ನು ಬೇರೆ ಇಡಲು ದಕ್ಷಿಣದ ರಾಜ್ಯಗಳು ಕೊಡುತ್ತಿದ್ದ ನೆಪವೇ ಅದು. ಆ ಮಾತಿನ ಒಳಗಿನ ಅರ್ಥ ಕಪ್ಪು ಜನರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹಾಗಾಗಿ ಅಜ್ಜಿ ಡೆಮಾಕ್ರಟಿಕ್ ಪಕ್ಷಕ್ಕೆ ವೋಟು ಹಾಕುವುದು ಗೊಂದಲದಿಂದ ಅಲ್ಲ. ಅವಳ ಲೆಕ್ಕ ಸ್ಪಷ್ಟ ಇದೆ. ಗರ್ಭಪಾತ, ಮದುವೆ ಎಲ್ಲ ಚರ್ಚಿನಲ್ಲಿ ಮಾತಾಡೋಣ. ವೋಟು ಮಾತ್ರ ನಮ್ಮ ಜನರ ತಲೆ ಕಾಯಲು. ಮೈಕಲ್ ಡಾಸನ್ ಎಂಬ ರಾಜಕೀಯ ಶಾಸ್ತ್ರಜ್ಞ ಈ ಮನಸ್ಸಿಗೆ ಜೋಡಿ ಹಣೆಬರಹ ಎಂಬ ಅರ್ಥದ ಹೆಸರು ಕೊಟ್ಟರು. ನನಗೆ ಏನಾಗುತ್ತೆ ಅನ್ನುವುದು ನನ್ನ ಜನಕ್ಕೆ ಏನಾಗುತ್ತೆ ಅನ್ನುವುದರ ಮೇಲೆ ನಿಂತಿದೆ ಅನ್ನುವ ನಂಬಿಕೆ. ಜಾಡಿಯಲ್ಲಿ ಕಾಳು ಎಣಿಸಿದ ಜನಕ್ಕೆ ಈ ನಂಬಿಕೆ ಬಾರದೆ ಇರುತ್ತಾ?

ಆಮೇಲೆ ಇಸ್ಮಾಯಿಲ್ ವೈಟ್ ಮತ್ತು ಶೆರಿಲ್ ಲೇರ್ಡ್ ಎಂಬ ರಾಜಕೀಯ ಶಾಸ್ತ್ರಜ್ಞರು ಇನ್ನೊಂದು ಹೆಜ್ಜೆ ಮುಂದೆ ಹೋದರು. ನಂಬಿಕೆ ಒಂದೇ ಸಾಲದು, ಅದನ್ನು ಹಿಡಿದಿಡಲು ಸುತ್ತ ನಾಲ್ಕು ಜನ ನೋಡುತ್ತಿರಬೇಕು ಅಂದರು. ಅವರ ಒಂದು ಪ್ರಯೋಗ ನನಗೆ ಮರೆಯಲಾಗುವುದಿಲ್ಲ. 2012ರಲ್ಲಿ ಡೆಮಾಕ್ರಟ್ ಒಬಾಮಾ ಮತ್ತು ರಿಪಬ್ಲಿಕನ್ ರಾಮ್ನಿ ಎದುರಾಳಿಗಳಾಗಿದ್ದಾಗ, ಕಪ್ಪು ವಿದ್ಯಾರ್ಥಿಗಳಿಗೆ ಒಂದಷ್ಟು ಹಣ ತೋರಿಸಿ, ಇಬ್ಬರ ಪ್ರಚಾರಕ್ಕೆ ನಿಮಗೆ ಬೇಕಾದ ಹಾಗೆ ಹಂಚಿ ಅಂದರು. ರಾಮ್ನಿಗೆ ಕೊಟ್ಟಷ್ಟೂ ನಿಮ್ಮ ಜೇಬಿಗೂ ಸ್ವಲ್ಪ ಬರುತ್ತೆ ಅಂತ ಕೆಲವರಿಗೆ ಹೇಳಿದಾಗ, ಅವರ ಕೈ ಸ್ವಲ್ಪ ಆ ಕಡೆ ಜಾರಿತು. ಇನ್ನು ಕೆಲವರಿಗೆ ಜೇಬಿನ ಆಸೆಯ ಜೊತೆಗೆ ಒಂದು ಮಾತು ಸೇರಿಸಿದರು. ಯಾರು ಯಾರಿಗೆ ಎಷ್ಟು ಕೊಟ್ಟರು ಅಂತ ಹೆಸರು ಸಮೇತ ಕಾಲೇಜಿನ ಪತ್ರಿಕೆಯಲ್ಲಿ ಬರುತ್ತೆ. ಅಷ್ಟೇ. ಜಾರುತ್ತಿದ್ದ ಕೈ ನಿಂತಿತು, ಹಣ ಒಬಾಮಾ ಕಡೆಗೆ ಹೋಯಿತು.

ನಾಲ್ಕು ಜನ ಏನಂದಾರು ಅನ್ನುವುದು ನಮಗೆ ಹೊಸದೇನಲ್ಲ ಅಲ್ವಾ? ಆದರೆ ಅಲ್ಲಿ ಅದಕ್ಕೆ ಬರೀ ಮರ್ಯಾದೆಯ ಭಯಕ್ಕಿಂತ ದೊಡ್ಡ ಕಾರಣ ಇದೆ. ಜನಸಂಖ್ಯೆಯಲ್ಲಿ ಎಂಟರಲ್ಲಿ ಒಂದು ಪಾಲಿರುವ ಸಮುದಾಯ ಚದುರಿ ವೋಟು ಹಾಕಿದರೆ ಯಾರಿಗೂ ಬೇಡವಾಗುತ್ತೆ. ಒಟ್ಟಿಗೆ ಹಾಕಿದರೆ ಲೆಕ್ಕಕ್ಕೆ ಬರುತ್ತೆ. ಒಬ್ಬರು ಕೈಬಿಟ್ಟರೂ ಹಗ್ಗ ಸಡಿಲವಾಗುತ್ತೆ ಅನ್ನುವ ಆತಂಕ ಅದು. ಈ ಹಗ್ಗದ ಬೆಲೆ ತಿಳಿಯದೆ ಆ ಹುಡುಗಿಯ ಮೇಲೆ ಬರುವ ಸಿಟ್ಟೂ ಅರ್ಥವಾಗುವುದಿಲ್ಲ.

ಆ ಸಿಟ್ಟು ಎರಡು ಬೈಗುಳವಾಗಿ ಬರುತ್ತೆ. ಒಂದು ಓರಿಯೋ, ಬಿಸ್ಕತ್ತಿನ ಹಾಗೆ ಹೊರಗೆ ಕಪ್ಪು, ಒಳಗೆ ಬಿಳಿ. ಇನ್ನೊಂದು ಅಂಕಲ್ ಟಾಮ್, ಬಿಳಿಯರ ಕಾಲು ಹಿಡಿಯುವವನು ಅನ್ನುವ ಅರ್ಥದಲ್ಲಿ. ಎರಡನೆಯದು 1852ರ ಕಾದಂಬರಿಯೊಂದರಿಂದ ಬಂದ ಹೆಸರು. ಆ ಕಾದಂಬರಿಯಲ್ಲಿ ಟಾಮ್ ಸಾಯುವುದು, ಓಡಿಹೋದ ಇಬ್ಬರು ಗುಲಾಮ ಹೆಂಗಸರ ಸುಳಿವು ಕೊಡಲು ಒಪ್ಪದೆ ಏಟು ತಿಂದು. ತನ್ನವರನ್ನು ಹಿಡಿದುಕೊಡದೆ ಸತ್ತವನ ಹೆಸರು ದ್ರೋಹಿಯ ಹೆಸರಾಗಿದೆ. ಇದು ನನಗೆ ಯಾವಾಗಲೂ ಸಂಕಟ ಕೊಡುತ್ತೆ.

ಹೆಣ್ಣಾದರೆ ಭಾರ ಇನ್ನೂ ಜಾಸ್ತಿ. ರಿಪಬ್ಲಿಕನ್ ಕಡೆ ಹೋಗುವ ಕಪ್ಪು ಜನರಲ್ಲಿ ಗಂಡಸರ ಪಾಲು ದೊಡ್ಡದು, ಹೆಂಗಸರದು ಚಿಕ್ಕದು. ನನಗೆ ತೋಚುವ ಕಾರಣ ಆ ಹಗ್ಗದಲ್ಲೇ ಇದೆ. ಹಗ್ಗ ಹೊಸೆಯುವವರೇ ಹೆಂಗಸರು. ಚರ್ಚಿನ ಅಡುಗೆ, ಮಕ್ಕಳ ಪಾಠ, ಮನೆಮನೆ ತಿರುಗಿ ಮತದಾರರ ಹೆಸರು ಬರೆಸುವುದು, ವೋಟಿನ ದಿನ ವಯಸ್ಸಾದವರನ್ನು ಕಾರಿನಲ್ಲಿ ಕರೆದೊಯ್ಯುವುದು, ಬಹುಪಾಲು ಅವರದೇ ಕೆಲಸ. 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಆಲ್ಫಾ ಕಪ್ಪಾ ಆಲ್ಫಾದಂಥ ಹೆಣ್ಣುಮಕ್ಕಳ ಸಂಘಗಳಲ್ಲಿ ಒಮ್ಮೆ ಸೇರಿದರೆ ಜೀವನಪೂರ್ತಿ ಅಕ್ಕತಂಗಿಯರು. ನಮ್ಮ ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ ಆ ಸಂಘದವರೇ. 2024ರಲ್ಲಿ ಅವರು ನಿಂತಾಗ ಒಬ್ಬ ಕಪ್ಪು ಹುಡುಗಿ ಅವರಿಗೆ ವೋಟು ಹಾಕುವುದಿಲ್ಲ ಅಂದರೆ, ಅದು ತಾನು ಬೆಳೆದ ಇಡೀ ಅಂಗಳಕ್ಕೆ ಬೆನ್ನು ತಿರುಗಿಸಿದ ಹಾಗೆ ಕೇಳಿಸುತ್ತಿತ್ತು.

ಹೋಗಲಿ, ಆ ಕಡೆಯ ಮನೆಯಲ್ಲಾದರೂ ಜಾಗ ಸಿಗುತ್ತಾ? ಮಿಯಾ ಲವ್ ಬದುಕು ಇದಕ್ಕೆ ಉತ್ತರ. ಹೈಟಿಯಿಂದ ವಲಸೆ ಬಂದ ತಂದೆತಾಯಿಯ ಮಗಳು, 1975ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ನಾವು ಯಾರ ಹತ್ತಿರವೂ ಬಿಟ್ಟಿ ತಗೊಂಡಿಲ್ಲ, ನೀನೂ ಸಮಾಜಕ್ಕೆ ಹೊರೆಯಾಗಬೇಡ ಅಂತ ಅಪ್ಪ ಹೇಳಿದ್ದನ್ನು 2012ರ ರಿಪಬ್ಲಿಕನ್ ಸಮಾವೇಶದಲ್ಲಿ ನೆನೆದಾಗ ಸಭೆ ಎದ್ದು ನಿಂತಿತ್ತು. 2014ರಲ್ಲಿ ಯೂಟಾ ರಾಜ್ಯದಿಂದ ಗೆದ್ದು, ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಹೋದ ಮೊದಲ ಕಪ್ಪು ರಿಪಬ್ಲಿಕನ್ ಮಹಿಳೆಯಾದರು. 2018ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹೈಟಿಯಂಥ ದೇಶಗಳ ಬಗ್ಗೆ ಹೊಲಸು ಮಾತು ಆಡಿದರೆಂದು ವರದಿಯಾದಾಗ, ಕ್ಷಮೆ ಕೇಳಿ ಅಂದರು. ಆ ವರ್ಷದ ಚುನಾವಣೆಯಲ್ಲಿ 700ಕ್ಕೂ ಕಡಿಮೆ ಮತಗಳಿಂದ ಸೋತರು. ಎಣಿಕೆ ಮುಗಿಯುವ ಮೊದಲೇ ಟ್ರಂಪ್ ಮಾಧ್ಯಮದ ಮುಂದೆ ಅವರ ಹೆಸರು ಹಿಡಿದು, ನನಗೆ ಪ್ರೀತಿ ತೋರಿಸಲಿಲ್ಲ, ಸೋತಳು ಅಂತ ಆಡಿಕೊಂಡರು. ಸೋಲೊಪ್ಪಿಕೊಂಡು ಮಾತಾಡಿದ ದಿನ ಮಿಯಾ ಲವ್ ಪಕ್ಷಕ್ಕೆ ಕಹಿ ಸತ್ಯ ಹೇಳಿದರು. ರಿಪಬ್ಲಿಕನ್ನರು ಅಲ್ಪಸಂಖ್ಯಾತರನ್ನು ಮನೆಯೊಳಗೂ ಮನಸ್ಸಿನೊಳಗೂ ಕರೆದುಕೊಳ್ಳುವುದಿಲ್ಲ, ಅದಕ್ಕೇ ಅವರು ಡೆಮಾಕ್ರಟರ ಬಳಿಯೇ ಉಳಿಯುತ್ತಾರೆ ಅಂತ. 2025ರ ಮಾರ್ಚ್‌ನಲ್ಲಿ ಮೆದುಳಿನ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಕೊನೆಯವರೆಗೂ ಕನ್ಸರ್ವೇಟಿವ್ ಆಗಿಯೇ ಇದ್ದರು.

ಒಂದು ಕಡೆಯವರು ದ್ರೋಹಿ ಅನ್ನುತ್ತಾರೆ. ಇನ್ನೊಂದು ಕಡೆಯವರು ವೇದಿಕೆ ಹತ್ತಿಸಿ, ನೋಡಿ ನಮ್ಮಲ್ಲೂ ಇದ್ದಾರೆ ಅಂತ ತೋರಿಸಿ, ಕೆಲಸ ಮುಗಿದ ಮೇಲೆ ಮರೆಯುತ್ತಾರೆ. ಎರಡೂ ಕಡೆ ಅವಳ ಬಗ್ಗೆ ಬೇರೆಯವರೇ ಮಾತಾಡುತ್ತಾರೆ. ಇಪ್ಪತ್ತರ ಹರೆಯದಲ್ಲೇ ಇಂಥ ಹೆಣ್ಣುಮಕ್ಕಳು ಕೂತು ತಮ್ಮ ಮಾತನ್ನು ತಾವೇ ಬರೆಯುವುದು ಇದಕ್ಕೇ ಅಂತ ನನಗೆ ಅನ್ನಿಸುತ್ತೆ. ಗರ್ಭಪಾತವನ್ನು ನಾನು ಯಾಕೆ ಒಪ್ಪುವುದಿಲ್ಲ, ಆದರೂ ಪೊಲೀಸರ ಬಗ್ಗೆ ನನಗೆ ಯಾಕೆ ಭಯ ಇದೆ. ಎರಡನ್ನೂ ಒಂದೇ ಪುಟದಲ್ಲಿ ಹೇಳುವ ಜಾಗ ಎರಡೂ ಪಕ್ಷದಲ್ಲಿ ಇಲ್ಲ. ಅವಳೇ ಮಾಡಿಕೊಳ್ಳಬೇಕು.

ಇದನ್ನು ಅವಳಿಗಿಂತ ತುಂಬ ಮೊದಲೇ ಮಾಡಿದವರು ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್. ಫ್ಲಾರಿಡಾದ ಈಟನ್‌ವಿಲ್‌ನಲ್ಲಿ ಬೆಳೆದವರು. 1887ರಲ್ಲಿ ಕಪ್ಪು ಜನರೇ ಕಟ್ಟಿಕೊಂಡ ಊರು ಅದು. ಮೇಯರ್, ಅಂಗಡಿಯವನು, ಮೇಷ್ಟ್ರು ಎಲ್ಲ ಕಪ್ಪು ಜನ. ಅವರ ಅಪ್ಪನೂ ಅಲ್ಲಿ ಮೇಯರ್ ಆಗಿದ್ದರು. ತಮ್ಮ ಊರಿನ ಹರಟೆಕಟ್ಟೆಯ ಮಾತನ್ನು ಹಾಗೇ ಹಿಡಿದು ಕಥೆ, ಕಾದಂಬರಿ ಬರೆದರು. ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳನ್ನು ಬೇರ್ಪಡಿಸಬಾರದು ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಇಡೀ ಕಪ್ಪು ಸಮುದಾಯ ಸಂಭ್ರಮಿಸಿತು. ಹರ್ಸ್ಟನ್ 1955ರಲ್ಲಿ ಪತ್ರಿಕೆಗೆ ಪತ್ರ ಬರೆದು ತೀರ್ಪನ್ನು ಟೀಕಿಸಿದರು. ನನ್ನ ಪಕ್ಕ ಕೂರಲು ಇಷ್ಟವಿಲ್ಲದವರ ಪಕ್ಕ ಕೂರಿಸುವ ಕೋರ್ಟಿನ ಆದೇಶದಿಂದ ನನಗೆ ಏನು ಗೌರವ ಸಿಗುತ್ತೆ ಅನ್ನುವ ಧಾಟಿ. ಆ ವಾದ ತಪ್ಪು ಅಂತಲೇ ನಾನು ಅಂದುಕೊಂಡಿದ್ದೇನೆ. ಹರಿದ ಪುಸ್ತಕ, ಸೋರುವ ಸೂರಿನ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳಿಗೆ ಆ ತೀರ್ಪು ಬೇಕೇ ಬೇಕಿತ್ತು. ಆದರೆ ಈಟನ್‌ವಿಲ್ ನೋಡಿದವರಿಗೆ ಆ ಸ್ವಾಭಿಮಾನ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಪತ್ರಕ್ಕಾಗಿ ತಮ್ಮವರಿಂದಲೇ ಬೈಸಿಕೊಂಡರು. 1960ರಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತರು. ಊರವರು ಚಂದಾ ಎತ್ತಿ ಮಣ್ಣು ಮಾಡಿದರು. ಗೋರಿಯ ಮೇಲೆ ಒಂದು ಕಲ್ಲೂ ಇರಲಿಲ್ಲ.

1973ರಲ್ಲಿ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ನ ಆ ಸ್ಮಶಾನಕ್ಕೆ ಯುವ ಲೇಖಕಿ ಆಲಿಸ್ ವಾಕರ್ ಬಂದರು. 1960ರ ದಶಕದಲ್ಲಿ ಮಿಸಿಸಿಪಿಯಲ್ಲಿ ಹಕ್ಕಿನ ಹೋರಾಟಕ್ಕೆ ದುಡಿದವರು. ರಾಜಕೀಯದಲ್ಲಿ ಹರ್ಸ್ಟನ್ ಇದ್ದ ದಡಕ್ಕೆ ಪೂರಾ ಎದುರು ದಡ. ಸೊಂಟದವರೆಗೆ ಬೆಳೆದ ಕಳೆ, ಒಳಗೆ ಹಾವಿನ ಭಯ. ಗೋರಿ ಎಲ್ಲಿ ಅಂತ ಸರಿಯಾಗಿ ಹೇಳುವವರಿಲ್ಲ. ಕಳೆಯ ನಡುವೆ ನಿಂತು ಜೋರಾ, ಜೋರಾ ಅಂತ ಕೂಗಿದರು. ಕುಸಿದ ನೆಲವೊಂದು ಕಾಲಿಗೆ ಸಿಕ್ಕಿತು. ಅಲ್ಲಿ ತಮ್ಮ ದುಡ್ಡಿನಲ್ಲಿ ಒಂದು ಕಲ್ಲು ನಿಲ್ಲಿಸಿದರು. ಅದರ ಮೇಲೆ ಹೆಸರಿನ ಕೆಳಗೆ ದಕ್ಷಿಣದ ಪ್ರತಿಭೆ ಅನ್ನುವ ಮಾತಿದೆ. ಇನ್ನೂ ಕೆಳಗೆ ಕಾದಂಬರಿಗಾರ್ತಿ, ಜಾನಪದ ತಜ್ಞೆ, ಮಾನವಶಾಸ್ತ್ರಜ್ಞೆ ಅಂತ ಕೆತ್ತಿದೆ.